ಮುತ್ಯಾನ ಬಂದೂಕು ಇರಲಿ, ರೀಲ್ಸಿನ ರಿವಾಲ್ವರ್ ಬೇಡ

ದಸರೆಯ ಖಂಡೇಪೂಜೆ ದಿನ ನಮ್ಮ ಭಾಗದ ವಾಟ್ಸಾಪ್ ಸ್ಟೇಟಸ್ ನೋಡಿದರೆ ಯಾರ ಮನೆಯಲ್ಲಿ ಏನು ಸಾಮಾನು ಅದ ಅಂತ ಗೊತ್ತಾಗಿಬಿಡುತ್ತದೆ. ಕುಡಗೋಲು, ಕೊಡಲಿ, ಹೊಲಿಗೆ ಮಷಿನ್, ಟ್ರ್ಯಾಕ್ಟರ್, ಬೋರಿನ ಸ್ಟಾರ್ಟರ್ ಡಬ್ಬಿ, ಎಲ್ಲದಕ್ಕೂ ಅರಿಶಿನ ಕುಂಕುಮ, ಚೆಂಡು ಹೂವು. ಇವುಗಳ ನಡುವೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕಿನ ಕೆಲವು ಮನೆಗಳಿಂದ ಬಂದೂಕಿನ ಫೋಟೋ ಕೂಡ ಬರುತ್ತವೆ.

ಆ ಫೋಟೋಗಳಲ್ಲಿ ಎರಡು ಜಾತಿ. ಒಂದರಲ್ಲಿ ಹಳೇ ಜೋಡು ನಳಿಗೆ ಬಂದೂಕು, ಎಣ್ಣೆ ಹಚ್ಚಿ ಕಂಬಳಿ ಮೇಲೆ ಮಲಗಿಸಿದ್ದು, ಪಕ್ಕದಲ್ಲಿ ತೀರಿಹೋದ ಮುತ್ಯಾನ ಫೋಟೋ. ಇನ್ನೊಂದರಲ್ಲಿ ಇಪ್ಪತ್ತು ದಾಟಿದ ಹುಡುಗ, ಕಪ್ಪು ಕನ್ನಡಕ, ಕಾರಿನ ಬಾನೆಟ್ ಮೇಲೆ ಕುಳಿತು ಕೈಯಲ್ಲಿ ರಿವಾಲ್ವರ್ ತಿರುಗಿಸುತ್ತಾನೆ, ಹಿಂದೆ ಸಿನಿಮಾ ಡೈಲಾಗು. ಇಬ್ಬರೂ ಹೇಳೋದು ಒಂದೇ ಮಾತು: ಇದು ನಮ್ಮ ಪ್ರೀತಿಯ ಬಂದೂಕು.

ಈ ಎರಡು ಪ್ರೀತಿ ಒಂದೇ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲನೆಯವರಿಗೆ ಅನ್ಯಾಯ, ಎರಡನೆಯವರಿಗೆ ಸಲುಗೆ. ಸುದ್ದಿಗಾಗಿ ಊರೂರು ತಿರುಗುವ ನಾವು ಲೈಸೆನ್ಸ್ ಇರುವವರು ಸಿಕ್ಕಾಗೆಲ್ಲ ಒಂದು ಪ್ರಶ್ನೆ ಕೇಳುತ್ತ ಬಂದಿದ್ದೇವೆ: ನಿಮಗೆ ಯಾವ ಬಂದೂಕು ಇಷ್ಟ, ಯಾಕೆ? ಉತ್ತರ ಕೊಟ್ಟವರ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಯಾವ ಮನೆಯಲ್ಲಿ ಬಂದೂಕು ಅದ ಅಂತ ಫೋನಿನಲ್ಲಿ ಸಾರಿ ಹೇಳುವುದು ಕಳ್ಳರಿಗೆ ವಿಳಾಸ ಕೊಟ್ಟಂತೆ. ಸ್ಟೇಟಸ್ ಹಾಕುವವರೂ ಇದನ್ನು ಯೋಚಿಸಬೇಕು.

ಜೋಡು ನಳಿಗೆಯ ಮಾನ

ನಮ್ಮ ಭಾಗದಲ್ಲಿ ಅತಿ ಹೆಚ್ಚು ಪ್ರೀತಿ ಸಿಗುವುದು 12 ಬೋರಿನ ಡಬಲ್ ಬ್ಯಾರಲ್‌ಗೆ. 12 ಬೋರ್ ಅಂದರೆ ಏನು ಅಂತ ಬಹಳ ಜನ ಕೇಳುತ್ತಾರೆ. ಒಂದು ಪೌಂಡು ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಎಷ್ಟು ದಪ್ಪ ಇರುತ್ತದೋ ನಳಿಗೆಯ ಬಾಯಿ ಅಷ್ಟು ಅಗಲ, ಸುಮಾರು 18.5 ಮಿಲಿಮೀಟರ್. ಬೋರ್ ನಂಬರ್ ಕಡಿಮೆಯಾದಷ್ಟು ಬಾಯಿ ದೊಡ್ಡದು. ಈ ಬಂದೂಕಿನಲ್ಲಿ ಒಂದೇ ಗುಂಡು ಹೋಗುವುದಿಲ್ಲ, ಕಾಡತೂಸಿನೊಳಗಿನ ಛರ್ರೆಗಳು ಹರಡಿಕೊಂಡು ಹೋಗುತ್ತವೆ. ಎರಡು ನಳಿಗೆಯಲ್ಲಿ ಒಂದರ ಬಾಯಿ ಸ್ವಲ್ಪ ಬಿಗಿ, ಇನ್ನೊಂದರದು ಸಡಿಲ ಇರುತ್ತದೆ. ದೂರದ ಗುರಿಗೆ ಬಿಗಿ, ಹತ್ತಿರದ ಗುರಿಗೆ ಸಡಿಲ.

ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್ ಹೆಸರು ಕೆತ್ತಿದ ಬಂದೂಕು ಇದ್ದ ಮನೆಯವರ ಮಾತಿನ ಗತ್ತೇ ಬೇರೆ. ನಮ್ಮ ದೇಶದ ಆರ್ಡನೆನ್ಸ್ ಫ್ಯಾಕ್ಟರಿಯ ಬಂದೂಕು ಇದ್ದವರು ಅದನ್ನು ಹೊಗಳುವುದು ಬೇರೆ ಕಾರಣಕ್ಕೆ: ಗಟ್ಟಿ ಅದ, ಕೆಟ್ಟರೆ ಸಾಮಾನು ಸಿಗುತ್ತದೆ. ಕಾಡತೂಸು ಅಂದರೆ ಪುಣೆ ಹತ್ತಿರದ ಖಡಕಿ ಫ್ಯಾಕ್ಟರಿಯ 'ಶಕ್ತಿಮಾನ್' ಅಂತ ಹಳಬರು ಈಗಲೂ ಹೇಳುತ್ತಾರೆ.

ಆದರೆ ಯಾಕೆ ಇಷ್ಟ ಅಂತ ಎರಡನೇ ಸಲ ಕೇಳಿದರೆ ಕಂಪನಿ ಹೆಸರು ಬಿಟ್ಟು ಮಾತು ಮನೆತನಕ್ಕೆ ಬರುತ್ತದೆ. ಮುತ್ಯಾ ತಂದಿದ್ದು, ಅಪ್ಪ ಹಿಡಿದಿದ್ದು, ದಸ್ತಾದ ಅಕ್ರೋಟ್ ಕಟ್ಟಿಗೆ ಅವರ ಕೆನ್ನೆ ತಾಗಿ ತಾಗಿ ನುಣುಪಾಗಿದ್ದು. ಗುಂಡು ಹಾರಿಸಿ ಎಷ್ಟು ವರ್ಷ ಆಯಿತು ಅಂದರೆ ನೆನಪಿಲ್ಲ ಅಂತಾರೆ. 'ಹೊಡಿಲಾಕ ಅಲ್ರೀ, ಮನ್ಯಾಗ ಇರ್ಲಿ ಅಂತ' ಅನ್ನುವುದು ನಾವು ಅತಿ ಹೆಚ್ಚು ಸಲ ಕೇಳಿದ ಉತ್ತರ.

ಹೊಡೆಯದ ಆಯುಧಕ್ಕೆ ಕೈ ಮುಗಿಯುವುದು ನಮ್ಮ ನಾಡಿನಲ್ಲಿ ಹೊಸದೇನಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. 1854ರಲ್ಲಿ ಬ್ರಿಟಿಷರು ಅದನ್ನು ಗುಜರಿಗೆ ಹಾಕಲು ಹರಾಜು ಕೂಗಿದಾಗ ಬಂದ ಅತಿ ಹೆಚ್ಚಿನ ಬೆಲೆ 150 ರೂಪಾಯಿ. ಜನಕ್ಕೆ ಅದರ ಮೇಲಿದ್ದ ಭಕ್ತಿ ಕಂಡ ಅಧಿಕಾರಿ ಮಾರಾಟ ನಿಲ್ಲಿಸಿದರು. ನಮ್ಮ ಬಸವಕಲ್ಯಾಣದ ಕೋಟೆಯ ಬುರುಜಿನ ತೋಪುಗಳಿಗೂ ಈಗ ಮದ್ದು ತುಂಬುವವರಿಲ್ಲ. ಆದರೂ ಅವು ಅಲ್ಲಿಂದ ಹೋದರೆ ಊರಿನದೇ ಏನೋ ಹೋದಂತೆ ನಮಗೆ ಅನಿಸುತ್ತದೆ. ಮುತ್ಯಾನ ಬಂದೂಕಿನ ಮೇಲಿನ ಪ್ರೀತಿಯೂ ಇದೇ ಬಗೆಯದು, ಅದು ನೆನಪಿನ ಪ್ರೀತಿ. ಇದನ್ನು ಹಾಸ್ಯ ಮಾಡುವವರ ಜೊತೆ ನಾವಿಲ್ಲ.

ಹೊಲ ಕಾಯುವ ಭರಮಾರ್

ಎರಡನೆಯದು ಭರಮಾರ್. ನಳಿಗೆಯ ಬಾಯಿಯಿಂದಲೇ ಮದ್ದು, ಬಟ್ಟೆ ಚೂರು, ಛರ್ರೆ ತುಂಬಿ ಸಳಿಯಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವ ಹಳೇ ಬಂದೂಕು. ಒಂದು ಸಲ ಹೊಡೆದರೆ ಮತ್ತೆ ತುಂಬುವಷ್ಟರಲ್ಲಿ ಹಂದಿಗಳು ಮುಂದಿನ ಊರು ಸೇರಿರುತ್ತವೆ. ಆದರೂ ಇದನ್ನು ಇಟ್ಟುಕೊಂಡ ರೈತ ಬಿಡಲು ಒಪ್ಪುವುದಿಲ್ಲ, ಯಾಕಂದರೆ ಅವನಿಗೆ ಬೇಕಾದದ್ದು ಸಪ್ಪಳ. ಕಬ್ಬಿನ ಗದ್ದೆಗೆ ನುಗ್ಗಿದ ಕಾಡುಹಂದಿ ಹಿಂಡು ತಿನ್ನುವುದಕ್ಕಿಂತ ತುಳಿದು ಕೆಡಿಸುವುದೇ ಹೆಚ್ಚು. ತೊಗರಿ, ಸೋಯಾ, ಕಡಲೆ ಹೊಲಕ್ಕೆ ಚಿಗರಿ ಹಿಂಡು ಬರುತ್ತದೆ. ರಾತ್ರಿ ಮಂಚಿಕೆ ಮೇಲೆ ಒಬ್ಬನೇ ಕುಳಿತವನಿಗೆ ಆ ಒಂದು ಸಪ್ಪಳವೇ ಧೈರ್ಯ.

1959ರ ಶಸ್ತ್ರಾಸ್ತ್ರ ಕಾಯ್ದೆಯೇ ಇದನ್ನು ಒಪ್ಪಿಕೊಂಡಿದೆ. ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ಮಾತು ಅದರ 13ನೇ ಕಲಮಿನಲ್ಲಿದೆ. ಆದರೆ ಒಂದು ಮಾತು ಖಡಾಖಂಡಿತ ಹೇಳಬೇಕು. ಬೆಳೆ ಕಾಯುವ ಲೈಸೆನ್ಸ್ ಅಂದರೆ ಬೇಟೆಯ ಲೈಸೆನ್ಸ್ ಅಲ್ಲ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯ ಪ್ರಾಣಿ. ಅದನ್ನು ಹೊಡೆದರೆ ಜೈಲು. ಹಂದಿಯನ್ನೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಬೆಳೆ ಹಾನಿಯಾದರೆ ಫೋಟೋ ತೆಗೆದು, ಪಹಣಿ ಸಮೇತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವ ದಾರಿ ಇದೆ. ಆ ದಾರಿ ಸಲೀಸಾಗಿದ್ದರೆ ಎಷ್ಟೋ ರೈತರು ರಾತ್ರಿ ಬಂದೂಕು ಹಿಡಿದು ಕೂರುತ್ತಿರಲಿಲ್ಲ.

ಫೌಜಿಯ ಹೊಟ್ಟೆಪಾಡು

ಮೂರನೆಯವರು ಸೈನ್ಯದಿಂದ ನಿವೃತ್ತಿಯಾಗಿ ಬಂದವರು. ಇವರಿಗೆ ಇಷ್ಟದ ಬಂದೂಕು ಯಾವುದು ಅಂದರೆ ಮನೆಯಲ್ಲಿ ಇರುವುದನ್ನು ಹೇಳುವುದಿಲ್ಲ. ಎಸ್‌ಎಲ್‌ಆರ್, ಇನ್ಸಾಸ್ ಅಂತ ಶುರು ಮಾಡುತ್ತಾರೆ. ಕೆಲವರಿಗೆ ತಮ್ಮ ರೈಫಲ್ಲಿನ ಬಟ್ ನಂಬರ್ ಇಂದಿಗೂ ಬಾಯಿಪಾಠ. ಹೆಂಡತಿಯ ಮೊಬೈಲ್ ನಂಬರ್ ನೆನಪಿಲ್ಲದವರೂ ಬಟ್ ನಂಬರ್ ಹೇಳುತ್ತಾರೆ.

ಮನೆಯಲ್ಲಿರುವ 12 ಬೋರ್ ಅವರಿಗೆ ಹೊಟ್ಟೆಪಾಡು. ಸ್ವಂತ ಲೈಸೆನ್ಸ್, ಸ್ವಂತ ಬಂದೂಕು ಇದ್ದರೆ ಮಾತ್ರ ಬ್ಯಾಂಕು, ಗೋಡೌನುಗಳಲ್ಲಿ ಗನ್‌ಮ್ಯಾನ್ ಕೆಲಸ. ಎಂಟೋ ಹನ್ನೆರಡೋ ತಾಸು ಬಾಗಿಲಲ್ಲಿ ನಿಲ್ಲುವ ಇವರ ಹೆಗಲ ಮೇಲಿನ ಬಂದೂಕು ನೇಕಾರನ ಮಗ್ಗ ಇದ್ದಂತೆ, ಬಡಿಗನ ಉಳಿ ಇದ್ದಂತೆ. ಅದು ಸ್ಟೇಷನ್ನಿನಲ್ಲಿ ಜಮಾ ಆದರೆ ಆ ತಿಂಗಳ ಪಗಾರಕ್ಕೆ ಕುತ್ತು. ಚುನಾವಣೆ ಬಂದಾಗ ಬ್ಯಾಂಕ್ ಕಾವಲಿನವರಿಗೆ ವಿನಾಯಿತಿ ಸಿಗುತ್ತದೆ, ಆದರೆ ಅದಕ್ಕೆ ಅರ್ಜಿ, ಪತ್ರ, ಓಡಾಟ. ಕಾವಲು ಕೆಲಸ ಬಿಟ್ಟು ಕಾಗದದ ಕೆಲಸ.

ಕಾಯಕದ ಊರಿನವರಾದ ನಮಗೆ ಒಂದು ಅಳತೆಗೋಲು ಇದ್ದೇ ಇದೆ: ಈ ಸಾಮಾನಿಗೆ ಕಾಯಕ ಏನು? ಭರಮಾರ್‌ಗೆ ಕಾಯಕ ಇದೆ. ಫೌಜಿಯ ಬಂದೂಕಿಗೂ ಇದೆ. ಮುತ್ಯಾನ ಜೋಡು ನಳಿಗೆಗೆ ಒಂದು ಕಾಲಕ್ಕೆ ಇತ್ತು, ಈಗ ಅದು ಪಿಂಚಣಿ ಮೇಲಿದೆ.

ಸೊಂಟದ ರಿವಾಲ್ವರಿಗೆ ಏನು ಕೆಲಸ?

ಇನ್ನು ನಾಲ್ಕನೆಯದು, .32 ರಿವಾಲ್ವರ್. ಸರ್ಕಾರಿ ಕಾರ್ಖಾನೆಯಲ್ಲೇ ತಯಾರಾಗುವ, ಸಾಮಾನ್ಯ ನಾಗರಿಕರಿಗೆ ಲೈಸೆನ್ಸ್ ಮೇಲೆ ಸಿಗುವ ಕೈಬಂದೂಕು. ನಿಜವಾಗಿ ಜೀವಬೆದರಿಕೆ ಇದ್ದು ಇಟ್ಟುಕೊಂಡವರು ಇದ್ದಾರೆ. ಅವರನ್ನು ಗುರುತಿಸುವುದು ಸುಲಭ, ಅವರು ತೋರಿಸುವುದಿಲ್ಲ.

ತೋರಿಸುವವರು ಬೇರೆ. ಮದುವೆ ಮಂಟಪದಲ್ಲಿ ಅಂಗಿ ಸ್ವಲ್ಪ ಮೇಲೆ ಸರಿಸಿ ಕೂರುವವರು, ಸೈಟಿನ ಜಗಳದ ಪಂಚಾಯಿತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವವರು, ಸಸ್ತಾಪುರ ಬಂಗ್ಲಾದ ಢಾಬಾದಲ್ಲಿ ಟೇಬಲ್ ಮೇಲೆ ಇಟ್ಟು ಚಹಾ ಕುಡಿಯುವವರು. ಯಾಕೆ ಇಷ್ಟ ಅಂದರೆ 'ಇದ್ರ ಮಂದಿ ಸುಮ್ ಇರ್ತಾರ' ಅನ್ನುತ್ತಾರೆ. ಇವರು ಪ್ರೀತಿಸುತ್ತಿರುವುದು ಎದುರಿನವನ ಭಯವನ್ನು. ಈ ಬಂದೂಕಿನ ಕಾಯಕ ಅಂದರೆ ಬಡವನ ಬಾಯಿ ಮುಚ್ಚಿಸುವುದು.

ಇದನ್ನು ನೋಡಿ ಬೆಳೆದ ಹುಡುಗ ಅಪ್ಪನ ಕಪಾಟಿನಿಂದ ಅದನ್ನು ತೆಗೆದು ರೀಲ್ ಮಾಡುತ್ತಾನೆ. ಅವನಿಗೆ ಹೇಳಬೇಕಾದ ಮಾತು ಇಷ್ಟು: ಲೈಸೆನ್ಸ್ ಅಪ್ಪನ ಹೆಸರಿನಲ್ಲಿದೆ, ಅಪ್ಪ ಎದುರಿಗೆ ಇಲ್ಲದೆ ಅದು ನಿನ್ನ ಕೈಯಲ್ಲಿದ್ದರೆ ಕಾನೂನಿನ ಕಣ್ಣಿಗೆ ಲೈಸೆನ್ಸ್ ಇಲ್ಲದ ಬಂದೂಕು. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಮೂವತ್ತು ಸೆಕೆಂಡಿನ ರೀಲಿಗೆ ಎರಡು ವರ್ಷ. ಸೈನ್ಯ, ಪೊಲೀಸ್ ಭರ್ತಿಗೆ ಓಡಿ ಓಡಿ ತಯಾರಿ ಮಾಡುತ್ತಿರುವ ಹುಡುಗರು ಇದನ್ನು ಎರಡು ಸಲ ಓದಬೇಕು.

ಮೆರವಣಿಗೆ, ಮದುವೆಯಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸುವುದಕ್ಕೂ ಅದೇ ತಿದ್ದುಪಡಿಯಲ್ಲಿ ಶಿಕ್ಷೆ ಇದೆ. ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದ ತನಕ ಜೈಲು, ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಮೇಲೆಯೇ ಇರುವುದಿಲ್ಲ. ಅದು ಯಾರದೋ ಮಾಳಿಗೆ ಮೇಲೆ ಮಲಗಿದವರ ಕಡೆ ಬರುತ್ತದೆ.

ಈ ಮಣ್ಣಿಗೆ ಬಂದೂಕಿನ ನೆನಪು ಹಗುರವಲ್ಲ

ಕೊಡಗಿನವರಿಗೆ ಇಲ್ಲದ ನಿರ್ಬಂಧ ನಮಗ್ಯಾಕೆ ಅಂತ ಕೆಲವರು ವಾದ ಮಾಡುತ್ತಾರೆ. ಕೊಡವರು ಪ್ರತಿ ವರ್ಷ ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ, ಮನೆಯಲ್ಲಿ ಸಾವಾದರೆ ಗುಂಡು ಹಾರಿಸುವ ಪದ್ಧತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಅಲ್ಲಿ ಕೋವಿಯ ಸುತ್ತ ಹಬ್ಬ ಇದೆ, ಹಿರಿಯರ ಹಿಡಿತ ಇದೆ, ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂಬ ಕಟ್ಟಳೆ ಇದೆ. ನಮ್ಮ ರೀಲ್ ಹುಡುಗರಿಗೆ ಯಾವ ಕಟ್ಟಳೆ ಇದೆ?

ನಮ್ಮ ಭಾಗದ ನೆನಪೂ ಬೇರೆ. ಬೀದರ್ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಕಥೆ ಇಲ್ಲಿನ ಮುತ್ಯಾ, ಆಯಿಗಳ ಬಾಯಲ್ಲಿ ಕೇಳಿಯೇ ನಾವು ಬೆಳೆದದ್ದು. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಆಯುಧ ಇನ್ನೊಂದು ಕಡೆಯವರ ಕೈಗೆ ಹೋಯಿತು. ಆಗ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳ ಪೈಕಿ ಬೀದರ್ ಕೂಡ ಒಂದು ಎಂದು ಪಂಡಿತ್ ಸುಂದರಲಾಲ್ ಸಮಿತಿ ಬರೆಯಿತು. ಎರಡು ಕಡೆಯ ಮನೆಗಳಲ್ಲೂ ಆ ವರ್ಷ ಗಂಡಸರಿಲ್ಲದೆ ಉಳಿದ ಹೆಣ್ಣುಮಕ್ಕಳಿದ್ದರು. ಆಯುಧ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ನ್ಯಾಯ ತೀರ್ಮಾನವಾಗುವ ಕಾಲ ಹೇಗಿರುತ್ತದೆ ಅಂತ ಈ ಮಣ್ಣಿಗೆ ಯಾರೂ ಕಲಿಸಬೇಕಿಲ್ಲ.

ಹತ್ತಿರದ ಕಾಲಕ್ಕೆ ಬನ್ನಿ. ವಚನಗಳ ಸಂಶೋಧನೆಗೆ ಜೀವನ ಕೊಟ್ಟ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಎರಡಕ್ಕೂ ಬಳಸಿದ್ದು 7.65 ಮಿಲಿಮೀಟರಿನ ಕಂಟ್ರಿ ಪಿಸ್ತೂಲು ಅಂತ ತನಿಖೆ ಹೇಳಿತು. 2025ರ ಜನವರಿ 16ರಂದು ನಮ್ಮ ಬೀದರ್ ನಗರದಲ್ಲೇ, ಹಾಡಹಗಲು, ಬ್ಯಾಂಕಿನ ಎದುರು, ಎಟಿಎಂ ಹಣ ಒಯ್ಯುವ ಸಿಬ್ಬಂದಿ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ ಹಣದ ಪೆಟ್ಟಿಗೆ ಒಯ್ದರು. ದುಡಿಯಲು ಬಂದ ಒಬ್ಬ ಹುಡುಗ ರಸ್ತೆಯಲ್ಲೇ ಜೀವ ಬಿಟ್ಟ. ಆ ವಿಡಿಯೋ ನೋಡಿ ಬೆಚ್ಚಿದ ಫೋನುಗಳಲ್ಲೇ ಈಗ ರಿವಾಲ್ವರ್ ರೀಲಿಗೆ ಲೈಕ್ ಬೀಳುತ್ತಿದೆ. ಇದು ನಮ್ಮನ್ನು ಕಾಡುವ ಮಾತು.

ಮನೆಯೊಳಗಿನ ಲೆಕ್ಕ

ಬಂದೂಕು ಯಾಕೆ ಇಷ್ಟ ಅಂತ ಗಂಡಸರನ್ನು ಕೇಳಿದಷ್ಟು ಸುಲಭವಾಗಿ ಹೆಂಗಸರನ್ನು ಯಾರೂ ಕೇಳುವುದಿಲ್ಲ. ಧೂಳು ಒರೆಸುವವರು ಅವರು. ಗಂಡ ಕುಡಿದು ಬಂದ ರಾತ್ರಿ ಕಪಾಟಿನ ಕಡೆ ನೋಡುವವರೂ ಅವರೇ. ಸಾಲ, ಸಿಟ್ಟು, ಕುಡಿತ ಇರುವ ಮನೆಯಲ್ಲಿ ತುಂಬಿದ ಬಂದೂಕು ಇರಬಾರದು. ಹೊರಗಿನ ಕಳ್ಳನಿಗಿಂತ ಮೊದಲು ಅದು ಮನೆಯವರನ್ನೇ ಹುಡುಕಿಕೊಂಡು ಬರುತ್ತದೆ. ಜಾತ್ರೆಯಲ್ಲಿ ಪುಗ್ಗಾ ಹೊಡೆಯುವ ಬಂದೂಕು ಹಿಡಿದ ಮಗುವಿಗೆ ಮನೆಯಲ್ಲಿರುವುದೂ ಆಟಿಕೆಯೇ.

2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕನ್ನು ಭದ್ರವಾಗಿ ಕೀಲಿ ಹಾಕಿ ಇಡಬೇಕು ಅನ್ನುತ್ತವೆ, ಸಾರ್ವಜನಿಕ ಜಾಗದಲ್ಲಿ ಝಳಪಿಸಬಾರದು ಅನ್ನುತ್ತವೆ. ನಾವು ಒಂದು ಸೇರಿಸುತ್ತೇವೆ: ಬಂದೂಕು ಒಂದು ಕಪಾಟಿನಲ್ಲಿ, ಕಾಡತೂಸು ಇನ್ನೊಂದರಲ್ಲಿ, ಕೀಲಿ ಬೇರೆ ಬೇರೆ. ಹಳೇ ಬಂದೂಕಿಗೆ ಹೊಸ ಕಾಡತೂಸು ಹಾಕುವ ಮೊದಲು ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಎಷ್ಟೋ ಹಳೇ ನಳಿಗೆಗಳು 65 ಮಿಲಿಮೀಟರ್ ಕಾಡತೂಸಿಗೆ ಮಾಡಿದವು, ಅವಕ್ಕೆ 70 ಮಿಲಿಮೀಟರಿನದು ಹಾಕಿದರೆ ನಳಿಗೆ ಒಡೆದು ಹೊಡೆಯುವವನ ಕೈ, ಕಣ್ಣು ಹೋಗಬಹುದು. ಮನೆಯ ಪರಿಸ್ಥಿತಿ ಸರಿ ಇಲ್ಲ ಅನಿಸಿದರೆ ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮಾ ಇಟ್ಟು ರಸೀದಿ ಪಡೆಯಿರಿ. ಜಮಾ ಇಟ್ಟರೆ ಮರ್ಯಾದೆ ಹೋಗುವುದಿಲ್ಲ.

ನಾವು ಕೇಳುವುದು ಇಷ್ಟು

ಆಡಳಿತಕ್ಕೆ ಎರಡು ಮಾತು. ಲೈಸೆನ್ಸ್ ಕೆಲಸ ಜಿಲ್ಲಾಧಿಕಾರಿ ಕಚೇರಿಯದು. ಬಸವಕಲ್ಯಾಣದಿಂದ ಬೀದರ್ ಸುಮಾರು 80 ಕಿಲೋಮೀಟರ್, ಹುಮನಾಬಾದಿನಿಂದ ಸುಮಾರು 50. ಒಂದು ನವೀಕರಣಕ್ಕೆ, ಒಂದು ವಾರಸಾ ಅರ್ಜಿಗೆ ಎಪ್ಪತ್ತು ವರ್ಷದ ಮುದುಕ ಬಸ್ಸು ಹತ್ತಿ ಇಳಿಯಬೇಕು. ವರ್ಷಕ್ಕೆ ಒಂದು ಸಲವಾದರೂ ತಾಲ್ಲೂಕಿನಲ್ಲೇ ಶಿಬಿರ ಮಾಡಿ ನವೀಕರಣ, ವಾರಸಾ, ಸುರಕ್ಷತೆಯ ತರಬೇತಿ ಮೂರನ್ನೂ ಒಂದೇ ಕಡೆ ಮುಗಿಸಿಕೊಡಿ. ಚುನಾವಣೆಗೆ ಜಮಾ ಮಾಡಿಸಿಕೊಂಡ ಬಂದೂಕನ್ನು ಮೂಲೆಯಲ್ಲಿ ರಾಶಿ ಹಾಕಬೇಡಿ. ತುಕ್ಕು ಹಿಡಿದು ವಾಪಸ್ ಬಂದ ಬಂದೂಕು ನೋಡಿ ಕಣ್ಣೀರು ಹಾಕುವವರಿದ್ದಾರೆ. ಎಣ್ಣೆ ಹಚ್ಚಿ, ಚೀಟಿ ಕಟ್ಟಿ, ನಿಲ್ಲಿಸಿ ಇಡುವ ವ್ಯವಸ್ಥೆ ಬೇಕು. ಅದೇ ಆಡಳಿತ, ರೀಲಿನಲ್ಲಿ ರಿವಾಲ್ವರ್ ಝಳಪಿಸಿದವರ ಲೈಸೆನ್ಸನ್ನು, ಅವರು ಯಾವ ಪಕ್ಷದ ಮುಖಂಡರ ಹಿಂದೆ ತಿರುಗಿದರೂ, ಪರಿಶೀಲನೆಗೆ ತೆಗೆದುಕೊಳ್ಳಬೇಕು.

ಮನೆಯವರಿಗೂ ಎರಡು ಮಾತು. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡಿದ್ದರೆ ಬಂದೂಕನ್ನು ಹಾಗೇ ಗೋಡೆಗೆ ತೂಗು ಹಾಕಬೇಡಿ. ಹತ್ತಿರದ ಸ್ಟೇಷನ್ನಿನಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಜಮಾ ಮಾಡಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಹಿರಿಯರು ಇನ್ನೂ ಇದ್ದು 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಒಬ್ಬರ ಲೈಸೆನ್ಸಿಗೆ ಈಗ ಎರಡೇ ಬಂದೂಕು, ಮನೆತನದಿಂದ ಬಂದದ್ದೂ ಆ ಲೆಕ್ಕದಲ್ಲೇ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಇದನ್ನೂ ಕುಳಿತು ತೀರ್ಮಾನಿಸಿ. ಬಂದೂಕು ಯಾರಿಗೆ ಅಂತ ಶುರುವಾದ ಜಗಳದಲ್ಲಿ ಬಂದೂಕು ಹತ್ತಿರ ಇರಬಾರದು.

ಕೊನೆಗೆ ಹುಡುಗರಿಗೆ. ಗುರಿ ಹೊಡೆಯುವ ಆಸೆ ಇದ್ದರೆ ತಪ್ಪೇನಿಲ್ಲ. ಶೂಟಿಂಗ್ ಒಲಿಂಪಿಕ್ ಕ್ರೀಡೆ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಏರ್ ರೈಫಲ್ ಹಿಡಿದು. ಎನ್‌ಸಿಸಿ ಸೇರಿದರೆ ಕಾಲೇಜಿನಲ್ಲೇ ರೈಫಲ್ ಹಿಡಿಯಲು ಕಲಿಸುತ್ತಾರೆ. ಅಲ್ಲಿ ಕಲಿಸುವ ಮೊದಲ ಪಾಠ, ಖಾಲಿ ಇದ್ದರೂ ಮನುಷ್ಯನ ಕಡೆ ನಳಿಗೆ ತಿರುಗಿಸಬೇಡ ಅನ್ನುವುದು. ಆ ಪಾಠ ಕಲಿಯದ ಕೈಗೆ ಮುತ್ಯಾನ ಬಂದೂಕು ಕೊಡಬೇಡಿ. ಕಲಿತ ಕೈಗೆ, ಕಾಗದ ಸರಿ ಮಾಡಿಸಿ, ಗೌರವದಿಂದ ಕೊಡಿ.